ಗಿರಗಿಟ್ಲೆಯ ಓದು

ಬಸ್ಸಿನ ನಡುದಾರಿಗೆ ಯಾರೋ ಕಾಲು ಚಾಚಿದ್ದಾರೆ, ಸ್ವಲ್ಪ ಒಳಗೆ ತಗೊಳ್ಳಿ ಸ್ವಾಮಿ ಎನ್ನುತ್ತಾನೆ ಕಂಡಕ್ಟರ್, ಕಿಟಕಿ ಪಕ್ಕ ಕೂತ ಟೀಚರಮ್ಮನಿಗೆ ನಗು ಉಕ್ಕುತ್ತದೆ — ಕಾಲು, ಇವತ್ತೆಲ್ಲ ಅದೇ, ದೊಡ್ಡ ಮೇಡಂ ಕಾಲು, ಕಪ್ಪು ಚಪ್ಪಲಿ, ಎರಡನೇ ತರಗತಿಯ ಬೆಂಚುಗಳ ಸಂದಿಯಲ್ಲೇ ಕುರ್ಚಿ ಹಾಕಿಸಿಕೊಂಡು ನೀಡಿದ್ದ ಕಾಲು, ಸದ್ಯ, ಮುಗಿಯಿತಲ್ಲ, ಬೆಳಿಗ್ಗೆ ತಿಂಡಿ ತಟ್ಟೆ ಹಾಗೇ ಬಿಟ್ಟು ಎದ್ದಿದ್ದಾಯಿತು, ಪರೀಕ್ಷೆ ಹುಡುಗಿಗೋ ನಿನಗೋ ಎಂದು ಯಜಮಾನರು ಛೇಡಿಸಿದ್ದರು, ಇಬ್ಬರಿಗೂ ಕಣ್ರೀ, ಇವತ್ತು ಅವಳು ಮೇಡಂ ಎದುರು ಓದದಿದ್ದರೆ ನಾಳೆಯಿಂದ ಒಂದನೇ ತರಗತಿಗೆ ವಾಪಸ್ಸು. ಗಿರಗಿಟ್ಲೆ — ಆ ಹೆಸರು ಇಟ್ಟವಳೂ ತಾನೇ — ಕೂರಿಸಿದರೆ ಒಂದಕ್ಷರ ಹೊರಡದು, ಬಾಯಿಗೆ ಬೀಗ ಜಡಿದ ಹಾಗೆ, ಅವಳಮ್ಮ ಬಾಗಿಲಲ್ಲಿ ನಿಂತು, ಮನೇಲೂ ಹಿಂಗೇ ಮಿಸ್, ಕೂತಲ್ಲಿ ಕೂರಲ್ಲ, ಊಟನೂ ಓಡಾಡ್ಕೊಂಡೇ — ಓಡಾಡಿಕೊಂಡು, ಹೌದಲ್ಲ, ಮಾರನೇ ದಿನ ಎದ್ದು ಓಡಾಡ್ತಾ ಓದು ಪುಟ್ಟಿ ಅಂದರೆ ಎಂಥ ಓದು, ನಲ್ಲಿ ಬಿಟ್ಟ ಹಾಗೆ! ಉಳಿದ ಮಕ್ಕಳು ಮೊದಮೊದಲು ಕಿಸಿಕಿಸಿ ನಕ್ಕರು, ಆಮೇಲೆ ತಾವೇ ಚೀಲಗಳನ್ನು ಬೆಂಚಿನ ಕೆಳಗೆ ತಳ್ಳಿ ದಾರಿ ಮಾಡಿಕೊಟ್ಟರು, ಮೇಡಂ ಮಾತ್ರ, ಇದೇನ್ರೀ, ತರಗತಿನಾ ಸಂತೆನಾ, ಒಬ್ಬಳಿಗೊಂದು ಕಾನೂನು ಮಾಡಿದ್ರೆ ನಾಳೆ ಎಲ್ಲಾ ಎದ್ದು ಸುತ್ತುತಾರೆ.

ಇವತ್ತು ಓದುತ್ತ ಹೊರಟಳು, ಆನೆಮರಿ ಕೆಸರಿಗೆ ಇಳಿಯಿತು, ಕಿಟಕಿಯ ತನಕ ಹೋಗಿ ತಿರುಗಿದಳು, ಅಮ್ಮಾ ಎಂದು ಕೂಗಿತು, ಬಂದಳು, ಬಂದಳು — ಮೇಡಂ ಕಾಲು ಅಡ್ಡ. ನಿಂತಳು, ಓದೂ ನಿಂತಿತು. ಅಯ್ಯೋ ದೇವರೇ, ದಾಟು ಎನ್ನಲೇ, ಕಾಲು ತೆಗೀರಿ ಎಂದು ಮೇಡಂಗೆ ಹೇಳುವ ಧೈರ್ಯ ಯಾರಿಗಿದೆ, ಪುಟ್ಟಿಯ ತುಟಿ ಮುಚ್ಚಿಕೊಳ್ಳುತ್ತಿದೆ, ಬೀಗ ಬೀಳುತ್ತಿದೆ, ಮುಂದಿನ ಬೆಂಚಿನ ತುಂಟ ಉಗುರು ಕಚ್ಚುತ್ತಿದ್ದಾನೆ, ಮೇಡಂ ಕನ್ನಡಕದ ಮೇಲಿಂದ ನೋಡುತ್ತಾರೆ, ಆಮೇಲೆ ಹೊರಗೆ ಬಂತೇನಮ್ಮಾ ಆನೆಮರಿ, ಎಂದು ಕೇಳುತ್ತಾರೆ, ಕಥೆಯಲ್ಲೇ ಮೈಮರೆತು, ಕೇಳುತ್ತಲೇ — ತಮಗೇ ಗೊತ್ತಾಗಲಿಲ್ಲವೋ ಏನೋ — ಬಂತು ಮೇಡಂ ಎಂದು ಗಿರಗಿಟ್ಲೆ ಮತ್ತೆ ಹೊರಟಳು, ಓದುತ್ತ, ಓದುತ್ತ, ಹೋಗುವಾಗ ಮೇಡಂ, ಇಲ್ಲೇ ಇರ್ಲಿ ಬಿಡ್ರೀ, ಅಂದರಲ್ಲ, ಅಷ್ಟೇ, ಅಷ್ಟು ಸಾಕು, ಇಳಿಯುವ ಸ್ಟಾಪು ದಾಟಿತೇ, ದಾಟಲಿ, ಎದೆ ಹಗುರ, ಅಳು ಬರುವಷ್ಟು ಹಗುರ, ರೀ ಕಾಲು ಕಾಲು ಎನ್ನುತ್ತಿದ್ದಾನೆ ಕಂಡಕ್ಟರ್, ಟೀಚರಮ್ಮನ ಕಣ್ಣಿಗೆ ಕಾಣುವುದು ಮಾತ್ರ ಅದೊಂದೇ — ಕಪ್ಪು ಚಪ್ಪಲಿಯ ಎರಡು ಕಾಲು, ಮೆಲ್ಲಗೆ, ಕುರ್ಚಿಯ ಕೆಳಕ್ಕೆ ಸರಿಯುತ್ತವೆ.