ಮಾಮೂಲಿ ಗುಂಪು

"ನಿದ್ದೆ ಹೊಡೀತಿದೀಯೇನೇ ಕತ್ತೆ? ಒತ್ತು. ನಿನ್ನ ಕೈ ನಿಂತ್ರೆ ಅವನ ಉಸಿರು ನಿಲ್ಲುತ್ತೆ, ಗೊತ್ತಿಲ್ವಾ?"

ಗೊತ್ತಿಲ್ಲದೆ ಏನು. ಡಾಕ್ಟರ್ ವಿಲ್ಯಾರೂಸ್ ವಾರ್ಡಿಗೆ ಬಂದಾಗ ನಾನು ಕಣ್ಣು ಮುಚ್ಚಿದ್ದು ನಿಜ, ಕೈಯನ್ನಂತೂ ನಿಲ್ಲಿಸಿರಲಿಲ್ಲ. ನನ್ನ ತಮ್ಮ ಎಲ್ಪಿಡಿಯೊನ ಗಂಟಲಿಗೆ ಕೊಳವೆ ಇಳಿಸಿದ್ದರು. ಕೊಳವೆಯ ತುದಿಗೆ ಒಂದು ರಬ್ಬರ್ ಚೀಲ. ಒತ್ತಿದರೆ ಅವನ ಎದೆ ಏಳುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಈ ಆಸ್ಪತ್ರೆಯಲ್ಲಿ ರೋಗಿಯ ಜೊತೆ ಬಂದವರ ಕೆಲಸ ಅದೇ. ಮನೆ ತುಂಬ ಜನ ಇದ್ದವರು ಸರದಿಯ ಮೇಲೆ ಒತ್ತುತ್ತಾರೆ. ನನಗೆ ಸರದಿಗೆ ಬರುವವರು ಯಾರೂ ಇರಲಿಲ್ಲ. ನಾನು ಕಕ್ಕಸಿಗೆ ಹೋದಾಗ ಪಕ್ಕದ ಮಂಚದ ಸಿಕ್ಸ್ತೊ ತಾತ ಒಂದು ಕೈಯಲ್ಲಿ ತನ್ನ ಹೆಂಡತಿಗೂ ಇನ್ನೊಂದು ಕೈಯಲ್ಲಿ ಎಲ್ಪಿಡಿಯೊಗೂ ಒತ್ತುತ್ತಿದ್ದ.

ನಾವು ಕೂಲಿಗಿದ್ದ ಹಸಿಯೆಂಡಾ ಎಂಬ ದೊಡ್ಡ ಕಬ್ಬಿನ ತೋಟದ ಧಣಿ ಕೊಳೆತ ನೀರಿಗೆ ಇಳಿಸಿ ಕಬ್ಬು ಕಡಿಸಿದ, ತಮ್ಮನಿಗೆ ಇಲಿಜ್ವರ ಹತ್ತಿತು. ಧಣಿ ತನ್ನ ಲಾರಿಯಲ್ಲೇ ಅವನನ್ನು ಆಸ್ಪತ್ರೆ ಬಾಗಿಲಿಗೆ ಹಾಕಿಸಿದ. ಕಬ್ಬು ಒಣಗುತ್ತದೆ ಎಂದು ಲಾರಿಯನ್ನು ಆಗಲೇ ವಾಪಸು ಕರೆಸಿಕೊಂಡ. ಪುಣ್ಯಾತ್ಮ.

ಎಲ್ಪಿಡಿಯೊನ ತಲೆದೆಸೆಯಲ್ಲೇ ಉಸಿರಾಡಿಸುವ ಹೊಸ ಯಂತ್ರ ನಿಂತಿತ್ತು. ನೊಣ ಕೂಡ ಕೂರದ ಹಾಗೆ ಪ್ಲಾಸ್ಟಿಕ್ ಹೊದಿಸಿದ್ದರು. ಸಾಯುವ ಸ್ಥಿತಿಯ ರೋಗಿಗಳ ಮೇಲೆ ಡಾಕ್ಟರು ನಡೆಸುತ್ತಿದ್ದ ಅಧ್ಯಯನಕ್ಕೆಂದು ಬಂದ ಯಂತ್ರ ಅದು. ತಮ್ಮನನ್ನು ಅದಕ್ಕೆ ಸೇರಿಸುತ್ತೀಯಾ ಎಂದು ಕೇಳಿದಾಗ, ಯಂತ್ರ ಸಿಗುತ್ತದೆಂಬ ಆಸೆಗೆ ತಲೆಯಾಡಿಸಿದ್ದೆ.

"ಡಾಕ್, ಆ ಮಿಷಿನ್ನು ಸುಮ್ನೆ ನಿಂತೈತಲ್ಲ," ಎಂದೆ. "ನನ್ ತಮ್ಮಂಗೆ ಹಾಕ್ಬುಡಿ."

"ಹೇಳಿದೀನಲ್ಲ, ಅವನು ಮಾಮೂಲಿ ಗುಂಪು. ಯಾರಿಗೆ ಮಿಷಿನ್ ಅಂತ ಕಂಪ್ಯೂಟರ್ ಚೀಟಿ ಎತ್ತುತ್ತೆ, ನಾನಲ್ಲ."

"ಮಾಮೂಲಿ ಅಂದ್ರೆ?"

"ಇಲ್ಲಿ ಎಲ್ಲರಿಗೂ ಸಿಗೋ ಚಿಕಿತ್ಸೆ."

"ಅಂದ್ರೆ ನನ್ ಕೈ."

ಹಿಂದೆ ನಿಂತಿದ್ದ ನರ್ಸ್ ಜೊವಿ ತಲೆ ತಗ್ಗಿಸಿದಳು.

"ನೋಡು, ಇಷ್ಟ ಇಲ್ದಿದ್ರೆ ಯಾವಾಗ ಬೇಕಾದ್ರೂ ಅಧ್ಯಯನದಿಂದ ಹೊರಗೆ ಬಾ. ಅದು ನಿನ್ನ ಹಕ್ಕು."

"ಹೊರಗ್ ಬಂದ್ರೆ ಮಿಷಿನ್ನು ಕೊಡ್ತೀರಾ?"

"ಮಿಷಿನ್ ಅಧ್ಯಯನದ್ದು. ಹೊರಗಿನೋರಿಗೆ ಹೇಗೆ ಕೊಡ್ಲಿ?"

"ಒಳಗಿದ್ರೂ ನನ್ ಕೈ, ಹೊರಗ್ ಬಂದ್ರೂ ನನ್ ಕೈ. ಒಳ್ಳೆ ಹಕ್ಕು ಕೊಟ್ರಿ ಬುಡಿ."

"ಮಾಮೂಲಿ ಗುಂಪಿನೋನಿಗೆ ಹಾಕಿದ್ರೆ ಅಧ್ಯಯನ ಕೆಡುತ್ತೆ ಕಣೇ. ಇದರಿಂದ ಮುಂದೆ ಸಾವಿರಾರು ಜನ ಬದುಕ್ತಾರೆ. ನಿನ್ನ ತಲೆಗೆ ಅದೆಲ್ಲಿ ಹತ್ತಬೇಕು."

ಮುಂದೆ ಬದುಕುವವರ ಮೇಲೆ ಎಂಥ ಕರುಣೆ ಈ ಮಹಾನುಭಾವನಿಗೆ. ಅವರ್ಯಾರೂ ಇಲ್ಲಿ ಮಲಗಿಲ್ಲ, ಅವರ ಮೈ ವಾಸನೆ ಹೊಡೆಯುವುದಿಲ್ಲ.

ಡಾಕ್ಟರ್ ಆಚೆ ಹೋದ ಮೇಲೆ ಸಿಕ್ಸ್ತೊ ತಾತ ಉಗಿದ. "ಬೋಳಿಮಗ. ಅವನ ಅವ್ವನ್ನ ತಂದು ಮಲಗಿಸಿದ್ರೆ ಆ ಚೀಟಿ ಯಾವ ಗುಂಪಿಗೆ ಬೀಳ್ತಿತ್ತೋ."

ಮಧ್ಯಾಹ್ನ ಅಧ್ಯಯನಕ್ಕೆ ದುಡ್ಡು ಕೊಟ್ಟವರು ನೋಡಲು ಬರುವವರಿದ್ದರು. ನಾವು ಮಲಗುತ್ತಿದ್ದ ರಟ್ಟುಗಳನ್ನು ಮಂಚದಡಿ ತಳ್ಳಿಸಿದರು. ಒಣಮೀನಿನ ವಾಸನೆ ಬರುತ್ತದೆಂದು ಊಟ ಮುಚ್ಚಿಡಿ ಎಂದರು. ತಾತ ನನಗೆಂದು ತಂದಿಟ್ಟಿದ್ದ ಅನ್ನ ಹಾಗೇ ಉಳಿಯಿತು. ಹಿಂದಿನ ದಿನದಿಂದ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಬೆರಳುಗಳು ಊದಿ, ಹೇಳಿದ ಮಾತು ಕೇಳುತ್ತಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಇವು ಪೂರ್ತಿ ಕೈಕೊಡುತ್ತವೆ, ತಮ್ಮ ನನ್ನ ಕೈಯಲ್ಲೇ ಸಾಯುತ್ತಾನೆ ಎಂದು ಗಾಬರಿಯಾಗಿತ್ತು.

ಅತಿಥಿಗಳು ಬಂದರು. ಇಸ್ತ್ರಿ ಅಂಗಿ, ಮೂಗಿಗೆ ಕರವಸ್ತ್ರ. ಡಾಕ್ಟರು ನನ್ನ ಹೆಗಲ ಮೇಲೆ ಕೈಯಿಟ್ಟರು. ಬೆಳಿಗ್ಗೆ ಕತ್ತೆಯಾಗಿದ್ದವಳು ಈಗ ಅಕ್ಕನಾಗಿದ್ದೆ.

"ನಮ್ಮಲ್ಲಿ ಮನೆಯವರೇ ಪ್ರೀತಿಯಿಂದ ಚಿಕಿತ್ಸೇಲಿ ಕೈ ಜೋಡಿಸ್ತಾರೆ. ಅಲ್ವೇನಕ್ಕಾ?" ಎಂದವರು ಬಗ್ಗಿ ಕಿವಿಯಲ್ಲಿ, "ನಗೇ," ಎಂದರು.

ನಕ್ಕೆ.

"ಡಾಕ್, ಒಂದ್ ಗಳಿಗೆ ಇದನ್ನ ಹಿಡ್ಕಳಿ."

ಮಾತಿನ ಭರದಲ್ಲಿದ್ದ ಮನುಷ್ಯ ಹಿಡಿದುಕೊಂಡೇಬಿಟ್ಟ. ನಾನು ಕೈ ಬಿಟ್ಟೆ. ಎಲ್ಪಿಡಿಯೊನ ಎದೆ ಇಳಿಯಿತು, ಏಳಲಿಲ್ಲ. ಅತಿಥಿಗಳೆಲ್ಲ ಡಾಕ್ಟರ ಕೈಯನ್ನೇ ನೋಡಿದರು. ಇವನು ಒತ್ತದಿದ್ದರೆ ಕಿತ್ತುಕೊಳ್ಳಲು ತಯಾರಾಗಿದ್ದೆ.

ಒತ್ತಿದ.

ನಾನು ನೆಲದ ಮೇಲೆ ಕೂತು ಮಂಚದಡಿಯಿಂದ ಅನ್ನದ ಡಬ್ಬಿಯನ್ನು ಹೊರಗೆಳೆದೆ.

"ಏಯ್, ಏನಿದು? ತಗೋ ಇದನ್ನ."

"ಬುಡ್ಬ್ಯಾಡಿ ಡಾಕ್. ನಿಮ್ ಕೈ ನಿಂತ್ರೆ ಅವನ ಉಸಿರು ನಿಲ್ತದೆ, ಗೊತ್ತಿಲ್ವಾ?"

ಸಿಕ್ಸ್ತೊ ತಾತ ಎದ್ದ. "ಸ್ವಾಮೇರಾ, ನನ್ ಹೆಂಡ್ರದ್ದೂ ಒಸಿ ನೋಡ್ಕಳಿ," ಎನ್ನುತ್ತ ಮುಂದೆ ನಿಂತಿದ್ದ ಅತಿಥಿಯ ಕೈಗೆ ತನ್ನ ಚೀಲ ಕೊಟ್ಟು ನನ್ನ ಪಕ್ಕ ಬಂದು ಕೂತ. ಅತಿಥಿಯ ಕರವಸ್ತ್ರ ನೆಲಕ್ಕೆ ಬಿತ್ತು. ಎರಡು ಕೈಯಲ್ಲೂ ಚೀಲ ಹಿಡಿದವನಿಗೆ ಎತ್ತಿಕೊಳ್ಳಲು ಕೈ ಇರಲಿಲ್ಲ.

ಡಾಕ್ಟರು ಕಾವಲಿನವನನ್ನು ಕೂಗಿದರು. ಅವನು ಬಾಗಿಲಲ್ಲಿ ನಿಂತು ನೋಡಿದ, ಒಳಗೆ ಬರಲಿಲ್ಲ. ತನ್ನ ಅವ್ವನಿಗೂ ಇದೇ ವಾರ್ಡಿನಲ್ಲಿ ಚೀಲ ಒತ್ತಿದವನು ಅವನು.

ಜೊವಿ ಯಂತ್ರದ ಬಳಿ ಹೋಗಿ ಪ್ಲಾಸ್ಟಿಕ್ ಮೇಲೆ ಕೈಯಿಟ್ಟಳು. "ಹಾಕ್ಲಾ ಡಾಕ್? ನೀವು ಒಂದು ಮಾತು ಹೇಳಿದ್ರೆ ಸಾಕು."

ಡಾಕ್ಟರು ಅತಿಥಿಗಳ ಕಡೆ ನೋಡಿದರು. ಹಣೆಯ ಬೆವರು ಮೂಗಿಗೆ ಇಳಿಯುತ್ತಿತ್ತು, ಎರಡೂ ಕೈ ಚೀಲದ ಮೇಲಿದ್ದು ಒರೆಸಿಕೊಳ್ಳುವ ಹಾಗಿರಲಿಲ್ಲ.

"ಇನ್ನೂ ಎಷ್ಟು ಹೊತ್ತು ತಿಂತೀಯೇ?"

ನನ್ನ ಬೆರಳು ಮಡಚುತ್ತಿರಲಿಲ್ಲ. ಅಂಗೈಯಲ್ಲೇ ಅನ್ನ ಬಾಚಿ ಬಾಯಿಗೆ ಹಾಕಿಕೊಂಡೆ.

"ನಿಮ್ ಬಾಯಲ್ಲಿ 'ಮಿಷಿನ್ನು ಹಾಕು' ಅನ್ನೋ ಮಾತು ಬರೋಗಂಟ, ಡಾಕ್."