ಹರಕಿಗೆ ಒಳಹೊಲಿಗೆ

ನೀರು ಚಿಮುಕಿಸಿದ ಉಣ್ಣೆಬಟ್ಟೆಗೆ ಕಾದ ಇಸ್ತ್ರಿಪೆಟ್ಟಿಗೆ ತಾಗಿದಾಗ ಏಳುವ ವಾಸನೆ, ಸ್ವಲ್ಪ ಸುಟ್ಟ ಕೂದಲಿನ ಹಾಗೆ, ಸ್ವಲ್ಪ ಒದ್ದೆ ನಾಯಿಯ ಹಾಗೆ, ಅದರೊಳಗೆ ಹೊಲಿಗೆಯಂತ್ರದ ಎಣ್ಣೆ — ಅರವತ್ತು ವರ್ಷದ ಹಿಂದಿನದು, ಅಪ್ಪನ ಅಂಗಡಿಯದು, ಈ ಸಂಗ್ರಹಾಲಯದ ಬಿಳಿ ಕೋಣೆಯೊಳಗೆ ಹೇಗೆ ಬಂತು, ಓ, ಆ ಮೂಲೆಯಲ್ಲಿ ಬಟ್ಟೆ ವಿಭಾಗದ ಹುಡುಗಿ ಯಾವುದೋ ಹಳೆಯ ಶಾಲನ್ನು ಆವಿಗೆ ಹಿಡಿದಿದ್ದಾಳೆ, ಅಷ್ಟೆ, ಆದರೆ ಮೂಗು ಕೇಳಬೇಕಲ್ಲ, ಅದು ಆಗಲೇ ಅಪ್ಪ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಕೂತು ಬಿದ್ದ ಗುಂಡಿ ಆಯುತ್ತಿದೆ, ತಲೆಯೆತ್ತಿದರೆ ಅಪ್ಪನ ಎದೆ, ಅಂಗಿಗೆ ಸಿಕ್ಕಿಸಿದ ಸೂಜಿ, ಸೂಜಿಯಿಂದ ಇಳಿಬಿದ್ದ ಕಪ್ಪು ದಾರ ಉಸಿರಿಗೊಮ್ಮೆ ಅಲ್ಲಾಡುತ್ತದೆ. ಮೇಡಂ, ಇಲ್ಲೊಂದು ಸಹಿ ಹಾಕಿಬಿಟ್ರೆ ಆಯ್ತು. ಪ್ರದರ್ಶನದ ಅಧಿಕಾರಿಯ ಬೆರಳು ದಾನಪತ್ರದ ಕೊನೆಯ ಗೆರೆಯ ಮೇಲಿದೆ, ಸಹಿ ಹಾಕಿದರೆ ಕೋಟು ಇವರದು, ಮೂರು ತಿಂಗಳಿಂದ ನೋಡಲೆಂದು ಇಟ್ಟುಕೊಂಡಿದ್ದಾರೆ, ಈಗ ಮೇಜಿನ ಮೇಲೆ ತೆಳು ಕಾಗದ ಹಾಸಿ ಕೂಸಿನ ಹಾಗೆ ಮಲಗಿಸಿದ್ದಾರೆ, ಕಪ್ಪು ಉಣ್ಣೆ ಕೋಟು, ಎಡಭುಜದಿಂದ ಎದೆಯವರೆಗೆ ಒಂದು ಗೇಣು ಹರಕು, ಹರಕಿಗೆ ಅಡ್ಡಡ್ಡ ಏಳು ಸೇಫ್ಟಿ ಪಿನ್ನು, ಒಂದೊಂದು ಪಿನ್ನಿಗೂ ಒಂದೊಂದು ನಂಬರಿನ ಚೀಟಿ, ಪಾಪ, ಶಾಲೆಗೆ ಹೊರಟ ಮಕ್ಕಳ ಹಾಗಿವೆ.

ನಾನೇ ಹರಿದದ್ದು, ಬ್ಲೇಡಿನಿಂದ, ಕನ್ನಡಿ ಮುಂದೆ ನಿಂತು, ಕಾಲೇಜಿಗೆ ಸೇರಿದ ವರ್ಷ ಅಪ್ಪ ತಾನೇ ಅಳತೆ ತೆಗೆದು ಹೊಲಿದುಕೊಟ್ಟ ಕೋಟು — ಆಗ ಪಂಕ್ ಎಂಬ ಮಾತು ನಮ್ಮ ಬೀದಿಗೆ ಕ್ಯಾಸೆಟ್ಟಿನಲ್ಲಿ ಬಂದಿತ್ತು, ಕಾಪಿಯ ಕಾಪಿಯ ಕಾಪಿ, ಹಾಡಿಗಿಂತ ಗರಗರವೇ ಜಾಸ್ತಿ, ಎಲ್ಲಿಯೋ ಕೆಲಸ ಸಿಗದ ಹುಡುಗರು ಗಿಟಾರಿನಲ್ಲಿ ಕಾರ್ಡು ಎಂಬ ಸ್ವರಗುಚ್ಛ ಮೂರೇ ಮೂರು ಕಲಿತು ಕಿರುಚುತ್ತಿದ್ದರು, ಸಂಗೀತಕ್ಕೆ ಗುರು ಬೇಡ, ಗಂಟಲು ಸಾಕು ಎನ್ನುತ್ತಿದ್ದರು, ಅದಕ್ಕೇ ನಾವು ಗುಡುಗು ಎಂದು ಕರೆಯುತ್ತಿದ್ದ ಗೆಳತಿ ಅಂದಳಲ್ಲ, ನಿನಗೆ ಹಾಡಕ್ಕೆ ಬರಲ್ಲ ಕಣೇ, ನನಗೆ ಬಾರಿಸಕ್ಕೆ ಬರಲ್ಲ, ಇನ್ನೇನು ಬೇಕು, ಇವತ್ತೇ ಶುರು ಮಾಡೋಣ. ಬಣ್ಣದ ಡಬ್ಬಿಗಳ ಮೇಲೆ ಬಾರಿಸಿದಳು, ನಾನು ಎರವಲು ಗಿಟಾರಿನಲ್ಲಿ ಅದೇ ಮೂರು ಕಾರ್ಡು ಒತ್ತಿ ಆಗಲ್ಲ ಆಗಲ್ಲ ಎಂದು ಕಿರುಚಿದೆ, ಕೂದಲು ನೆಟ್ಟಗೆ ನಿಲ್ಲಲೆಂದು ಬಟ್ಟೆ ಸೋಪು ಹಚ್ಚಿಕೊಂಡೆವು, ಬೆವರಿದರೆ ಕಣ್ಣಿಗಿಳಿದು ಉರಿ, ವೇದಿಕೆಯ ಮುಂದಿನ ಜನ ನೋಡಿ ಎಂಥಾ ಆವೇಶ ಅಂದುಕೊಂಡರು, ಸೋದರತ್ತೆ ಮಾತ್ರ ಹೊಸ್ತಿಲಲ್ಲೇ ನಿಲ್ಲಿಸಿ, ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಸೋಪು ಬೇರೆ ಕೇಡು ಅಂದಳು. ಅಪ್ಪ ಕೋಟು ನೋಡಿದ, ಭುಜ ನೋಡಿದ, ಅಂಗಡಿಗೆ ಬಂದ ಗಿರಾಕಿಗೆ ಹೇಳಿದ, ನಾನು ಊರಿನ ಹರಕೆಲ್ಲ ಹೊಲೀತೀನಿ ಸ್ವಾಮಿ, ನನ್ನ ಮಗಳು ನಾನು ಹೊಲಿದದ್ದನ್ನ ಹರೀತಾಳೆ, ಇಬ್ಬರಿಗೂ ಕೈತುಂಬ ಕೆಲಸ. ನಗುತ್ತಲೇ ಹೇಳಿದ, ಆಮೇಲೆ ಹನ್ನೊಂದು ದಿನ ನನ್ನೊಡನೆ ಮಾತಿಲ್ಲ, ಮಧ್ಯಾಹ್ನ ಅಂಗಡಿಗೆ ಹೋದರೆ ಮೇಜಿನ ಮೇಲೆ ತನ್ನ ಊಟದ ಡಬ್ಬಿಯನ್ನು ನನ್ನ ಕಡೆಗೆ ಸರಿಸುತ್ತಿದ್ದ, ತಲೆಯೆತ್ತದೆ, ಎದೆಯ ಮೇಲೆ ಸೂಜಿ, ಅಲ್ಲಾಡುವ ದಾರ. ಹನ್ನೆರಡನೆಯ ದಿನ ಕೋಟು ಅಂಗಡಿಯ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಹರಕು ಹಾಗೇ, ಪಿನ್ನು ಹಾಗೇ. ತೊಡಲೆಂದು ಕೈ ತೂರಿಸಿದೆ, ಒಳಗೆ ಏನೋ ಮೆತ್ತಗೆ ತಾಕಿತು, ಹರಕಿನ ಹಿಂದೆ ಕಪ್ಪು ಒಳಬಟ್ಟೆ, ಅಸ್ತರಿನ ಪಟ್ಟಿ, ಎಳೆ ಬಿಚ್ಚಿಕೊಳ್ಳದ ಹಾಗೆ ಅಂಚಿನುದ್ದಕ್ಕೂ ಅಕ್ಕಿಕಾಳಿಗಿಂತ ಸಣ್ಣ ಹೊಲಿಗೆ, ಹೊರಗಿನಿಂದ ಒಂದೂ ಕಾಣುವುದಿಲ್ಲ. ಹರಕು ಹಾಗೇ ಇರ್ಲಿ ಬಿಡು, ದೊಡ್ಡದಾಗದೆ ಇದ್ರೆ ಸಾಕು. ಅಪ್ಪ ನನಗೆ ಅಂದದ್ದು ಅಷ್ಟೇ, ಆಮೇಲೆ ಆ ವಿಷಯ ಎತ್ತಲೇ ಇಲ್ಲ.

ಕೈ ಈಗಲೂ ತಾನಾಗಿ ಒಳಗೆ ಹೋಗುತ್ತದೆ, ಮೆತ್ತಗಿನದನ್ನು ಹುಡುಕುತ್ತದೆ, ಇಲ್ಲ, ಬೆರಳು ಹರಕಿನಿಂದ ನೇರ ಹೊರಗೆ ಬಂತು, ಬೋಳು ಅಂಚು, ಎಳೆ ಉದುರುತ್ತಿದೆ — ಅದಾ ಮೇಡಂ, ಒಳಗಡೆ ಯಾರೋ ಆಮೇಲೆ ರಿಪೇರಿ ಮಾಡ್ಬಿಟ್ಟಿದ್ರು, ಬಿಚ್ಚಿಸಿದ್ವಿ, ಈಗ ಪಕ್ಕಾ ಒರಿಜಿನಲ್. ಯಾರೋ. ಅಧಿಕಾರಿಯೇನೂ ಕೆಟ್ಟವನಲ್ಲ, ಬಂದ ಕೂಡಲೇ ಕುರ್ಚಿ ಎಳೆದುಕೊಟ್ಟ, ಫ್ಯಾನು ಜೋರಾಯಿತೇ ಎಂದು ಕೇಳಿದ, ಗೋಡೆಗೆ ಹಾಕುವ ಫಲಕವನ್ನು ಎಷ್ಟು ಆಸೆಯಿಂದ ತೋರಿಸುತ್ತಿದ್ದಾನೆ, ಮನೆಯ ವಿರುದ್ಧ, ಹೆತ್ತವರ ವಿರುದ್ಧ, ಒಂದು ತಲೆಮಾರಿನ ಸಿಟ್ಟು, ದೊಡ್ಡ ಅಕ್ಷರ, ಅವನ ಪ್ಯಾಂಟಿನ ಮೊಣಕಾಲು ಹರಿದಿದೆ, ಕಾರ್ಖಾನೆಯಲ್ಲೇ ಹರಿದು ಮಾರುವಂಥದ್ದು, ಹರಕಿನ ಹಿಂದೆ ನೀಟಾಗಿ ಅಸ್ತರಿನ ಪಟ್ಟಿ, ಎಳೆ ಬಿಚ್ಚದ ಹಾಗೆ ಮೆಷಿನ್ ಹೊಲಿಗೆ, ಅಯ್ಯೋ ಅಪ್ಪ, ನಿನ್ನ ಉಪಾಯವನ್ನೇ ಕಾಲಿಗೆ ತೊಟ್ಟು ನಿಂತಿದ್ದಾನಲ್ಲ ಇವನು, ನಿನ್ನದನ್ನು ಬಿಚ್ಚಿಸಿ. ನಗು ಬಂತು, ಸಿಟ್ಟು ಬರಬೇಕಿತ್ತು, ಎಲ್ಲಿಟ್ಟೆನೋ ಸಿಟ್ಟು, ಸಾವಿರ ಜನರ ಮುಂದೆ ಆಗಲ್ಲ ಅಂತ ಕಿರುಚಿದ ಗಂಟಲು ಇದೇನಾ, ಈಗ ಬಸ್ಸಿನಲ್ಲಿ ಸ್ವಲ್ಪ ಸರಿಯಿರಿ ಎನ್ನಲೂ ಸಂಕೋಚ, ಸಹಿ ಹಾಕಿ ಎದ್ದು ಹೋದರೆ ಯಾರಿಗೂ ನೋವಿಲ್ಲ, ಫಲಕ ಚೆನ್ನಾಗಿದೆ, ಸುಳ್ಳೂ ಅಲ್ಲ, ಅರ್ಧ ನಿಜ. ಪೆನ್ನು ಮುಚ್ಚಿದೆ. ಆಗಲ್ಲಪ್ಪ. ಎಲ್ಲಿಂದ ಬಂತೋ, ಮೆತ್ತಗೇ ಬಂತು. ಆ ಹೊಲಿಗೆ ನಮ್ಮಪ್ಪಂದು, ವಾಪಸ್ ಹಾಕ್ಬೇಕು, ಫಲಕದಲ್ಲಿ ಬರೀಬೇಕು, ಹರಿದೋಳು ಮಗಳು, ಹರಕು ಕಾಪಾಡಿದೋನು ಅಪ್ಪ, ದರ್ಜಿ ಅಂತ, ಇಲ್ಲದಿದ್ರೆ ಕೋಟು ಮನೆಗೆ ಬರತ್ತೆ. ಆದ್ರೆ ಮೇಡಂ, ಪಂಕ್ ಅಂದ್ರೆ… ಪಂಕ್ ಅಂದ್ರೇನು ಅಂತ ನನಗೆ ಹೇಳ್ಕೊಡ್ತೀಯೇನಪ್ಪ? ಅವನ ಕಿವಿ ಕೆಂಪಾಯಿತು, ಪಾಪ, ಮೇಲಿನವರನ್ನ ಕೇಳ್ಬೇಕು ಎಂದು ಫಲಕ ಎತ್ತಿಕೊಂಡು ಹೋದ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ.

ಬಿಚ್ಚಿದ್ದು ನಾನೇ ಅಮ್ಮ. ಮೂಲೆಯ ಹುಡುಗಿ, ಶಾಲು ಬಿಟ್ಟು ಬಂದಿದ್ದಾಳೆ, ಕೈಯಲ್ಲಿ ಪಾರದರ್ಶಕ ಚೀಲ, ಅದರಲ್ಲಿ ಅಸ್ತರಿನ ಪಟ್ಟಿ, ದಾರದ ತುಣುಕುಗಳು, ನಂಬರಿನ ಚೀಟಿ, ನಾವು ಏನನ್ನೂ ಬಿಸಾಕಲ್ಲ, ಬಿಚ್ಚೋವಾಗ ಅನ್ನಿಸ್ತು, ಇಷ್ಟು ಸಣ್ಣ ಹೊಲಿಗೆ, ಸುಮ್ಮನೆ ಯಾರೂ ಹಾಕಲ್ಲ ಅಂತ, ಕೇಳ್ಬೇಕಿತ್ತು, ಕೇಳಲಿಲ್ಲ. ಬಾಗಿ ತೋರಿಸುತ್ತಾಳೆ, ನೋಡಿ, ಸೂಜಿ ಹೋದ ತೂತು ಹಾಗೇ ಇವೆ, ಅದೇ ತೂತಲ್ಲಿ ಹಾಕ್ಬೋದು. ಮೇಲಿನವರು? ಅಂದೆ. ಕೋಟು ಇನ್ನೂ ನಿಮ್ದೇ ತಾನೆ, ನೀವು ಹೇಳಿದ್ರೆ ಆಯ್ತು. ನಾನೇ ಹೊಲೀತೀನಿ ಅಂದೆ, ದಾರ ಸೂಜಿಯ ಕಣ್ಣು ತಪ್ಪಿಸಿ ಎಡಕ್ಕೆ, ಬಲಕ್ಕೆ, ನನ್ನ ಬೆರಳು ಮೂರು ಕಾರ್ಡು ಹಿಡಿದ ಬೆರಳು, ಅಪ್ಪನದಲ್ಲ, ಅವಳು ಸೂಜಿ ತೆಗೆದುಕೊಂಡು ಪೋಣಿಸಿದಳು, ಮೊದಲ ತೂತು, ಎರಡನೆಯದು, ನಾನು ಪಟ್ಟಿ ಹಿಡಿದೆ, ಅವಳು ಹೊಲಿದಳು, ಅರ್ಧ ಹರಕು ಮುಗಿಯಿತು, ಎಳೆ ಉದುರುವುದು ನಿಂತಿತು, ಗಡಿಯಾರ ಒಂದು ದಾಟಿ ಎಷ್ಟೋ ಹೊತ್ತು, ಅಧಿಕಾರಿ ಇನ್ನೂ ಬಂದಿಲ್ಲ, ಬರಲಿ, ಬಾರದಿರಲಿ, ನನ್ನ ಹೊಟ್ಟೆ ಗುರ್ರೆಂದದ್ದು ಅವಳಿಗೂ ಕೇಳಿಸಿತೇನೋ, ಎದ್ದಳು, ಕೈ ಒರೆಸಿಕೊಂಡಳು, ಕೋಟು ದೂರ ಸರಿಸಿ ಪಕ್ಕದ ಮೇಜಿನ ಮೇಲೆ ತನ್ನ ಊಟದ ಡಬ್ಬಿಯನ್ನು ನನ್ನ ಕಡೆಗೆ ಸರಿಸಿದಳು, ತಲೆಯೆತ್ತದೆ, ಅಂಗಿಯ ಎದೆಗೆ ಸಿಕ್ಕಿಸಿದ ಸೂಜಿ, ಸೂಜಿಯಿಂದ ಇಳಿಬಿದ್ದ ಕಪ್ಪು ದಾರ —