ಕದ್ದ ನೀರು

ತಾನಿನ್ನೂ ಸತ್ತಿಲ್ಲ. ಇದನ್ನು ಆಫೀಸಿನವರಿಗೆ ಹೇಗೆ ತಿಳಿಸಿ ಹೇಳುವುದೆಂದು ಯೋಚಿಸುತ್ತ ನೀರಾವರಿ ಇಂಜಿನಿಯರು ಜಮೀರ ಕಾಲುವೆಯ ಒಡ್ಡಿನ ಮೇಲೆ ನಡೆಯುತ್ತಿದ್ದ. ರಕ್ತದ ಕ್ಯಾನ್ಸರೆಂದು ಗೊತ್ತಾದಾಗಿನಿಂದ ಅವನ ಮೇಜಿಗೆ ಫೈಲು ಬರುವುದು ನಿಂತಿತ್ತು. ಚಹಾ ಮಾತ್ರ ಎರಡೆರಡು ಸಲ ಬರುತ್ತಿತ್ತು.

ಬೆಳಿಗ್ಗೆ ಕೊಪ್ಪಳದಲ್ಲಿ ಡಾಕ್ಟರ್ ಸುಕನ್ಯಾ ಕಾಗದದ ಮೇಲೆ ಗೀಟು ಎಳೆದು ತೋರಿಸಿದ್ದರು. ಕ್ಯಾನ್ಸರು ಎಲುಬಿನೊಳಗೆ, ರಕ್ತ ಹುಟ್ಟುವಲ್ಲೇ, ತನಗೆ ಬೇಕಾದ ರಕ್ತನಾಳಗಳನ್ನು ತಾನೇ ಬೆಳೆಸಿಕೊಳ್ಳುತ್ತದೆ. ಮಾತ್ರೆ ಅವನ್ನು ತಡೆಯಬೇಕು.

"ಆದ್ರ ನಿಮ್ಮಲ್ಲಿ ಆ ನಾಳ ಬೆಳೆಸೋ ಜೀನು ಬ್ಯಾರೆ ನಮೂನಿ ಐತ್ರಿ. ಇಂಥವ್ರಿಗೆ ಔಷಧ ಹತ್ತೂದು ಕಮ್ಮಿ."

"ಕಮ್ಮಿ ಅಂದ್ರ, ಇಲ್ಲ ಅಂತೇನಲ್ಲಲ್ರಿ?"

ಅವರು ಪೆನ್ನಿನ ಮುಚ್ಚಳ ಹಾಕಿದರು. "ತಗೊಂಡ ನೋಡ್ರಿ."

ಮೊದಲ ಮಾತ್ರೆ ಇನ್ನೂ ಜೇಬಿನಲ್ಲೇ ಇತ್ತು.

ಒಡ್ಡಿನ ಕೆಳಮಗ್ಗುಲಲ್ಲಿ ರುದ್ರೇಶ ಕೂತಿದ್ದ. ಒಡ್ಡು ಕೊರೆದು, ಪೈಪು ಹೂತು, ತನ್ನ ಭತ್ತದ ಗದ್ದೆಗೆ ನೀರು ಕದಿಯುವವನು. ಜಮೀರ ಮುಚ್ಚಿಸಿದಷ್ಟು ಸಲವೂ ಬೆಳಗಾಗುವಷ್ಟರಲ್ಲಿ ಬಿಚ್ಚಿದವನು. ಒಮ್ಮೆ ಜಮೀರನ ಕೊರಳಪಟ್ಟಿಗೂ ಕೈಹಾಕಿದ್ದ. ಇಂದು ತಾನೇ ಪೈಪು ಕಿತ್ತಿಟ್ಟು ತೂತಿಗೆ ಮಣ್ಣು ಮೆತ್ತುತ್ತಿದ್ದ.

"ಯಾಕೋ?"

"ನಿಮಗ ದೊಡ್ಡ ಜಡ್ಡ ಅಂತಲ್ರಿ ಸಾಹೇಬ್ರ. ಇನ್ನ ನಿಮ್ಮ ಕೂಡ ಏನ ಜಗಳ..." ರುದ್ರೇಶ ಕಣ್ಣು ತಪ್ಪಿಸಿದ.

ಜಮೀರನಿಗೆ ಮೈ ಉರಿದುಹೋಯಿತು. ಡಾಕ್ಟರರ ಮಾತು ಕೇಳಿದಾಗಲೂ ಇಷ್ಟು ಅವಮಾನವಾಗಿರಲಿಲ್ಲ. ಈ ಕಳ್ಳನೂ ತನ್ನನ್ನು ಸತ್ತವರ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದಾನೆ.

"ಹಾಕೋ ಪೈಪು!"

"ಸಾಹೇಬ್ರ?"

"ಹಾಕು. ನಾಳಿ ಬಂದು ಕೀಳಿಸ್ತೀನಿ. ನಾಡದು ಮತ್ತ ಹಾಕು. ಮತ್ತ ಬರ್ತೀನಿ."

ರುದ್ರೇಶ ಎರಡು ಹೆಜ್ಜೆ ಹಿಂದೆ ಸರಿದ. ಪೈಪು ಹೆಗಲಿಗೇರಿಸಿ, "ಪಾಪ, ತಲಿ ಕೆಟ್ಟೈತಿ" ಎಂದು ಗೊಣಗುತ್ತ ಗದ್ದೆಯ ಬದುವಿನಲ್ಲಿ ಹೊರಟುಹೋದ.

ಮರುಕ. ಥೂ. ಜಮೀರ ಜೇಬಿನಿಂದ ಮಾತ್ರೆ ತೆಗೆದ. ಜೀನು ಹೇಳಿದ್ದಕ್ಕೆಲ್ಲ ತಲೆಯಾಡಿಸಲು ತಾನೇನು ಅದರ ಮನೆಯ ಆಳೇ? ಮಾತ್ರೆ ಬಾಯಿಗೆ ಹಾಕಿಕೊಂಡು, ಕಾಲುವೆಗೆ ಬಗ್ಗಿ, ಬೊಗಸೆ ನೀರು ಮೊಗೆದು ಕುಡಿದ. ಕೆಸರು ವಾಸನೆ. ಮಾತ್ರೆ ಗಂಟಲಲ್ಲಿ ಇಳಿಯಿತು.

ತಿರುಗಿ ನೋಡಿದರೆ, ರುದ್ರೇಶ ಮುಚ್ಚಿದ ತೂತಿನಿಂದ ಒಂದು ಮಾರು ಆಚೆ ಒಡ್ಡಿನ ಮೈ ಒದ್ದೆಯಾಗಿತ್ತು. ಅಲ್ಲಿ ಯಾರೂ ಕೊರೆದಿರಲಿಲ್ಲ; ನೀರು ತನ್ನ ದಾರಿ ತಾನೇ ಮಾಡಿಕೊಂಡಿತ್ತು.

ಕೆಳಗಿಳಿದು, ಮೊಣಕಾಲೂರಿ, ಅಲ್ಲಿಗೆ ಅಂಗೈ ಅದುಮಿ ಹಿಡಿದ. ಬೆರಳ ಸಂದಿಯಿಂದ ನೀರು ಜಿನುಗಿತು. ಇನ್ನೊಂದು ಕೈಯನ್ನೂ ಇಟ್ಟ.